ಅಲಾಸ್ಕ ಹಡಗು ಪ್ರವಾಸ: ಒಳಗಿನ ಕೋಣೆಯನ್ನು ಬಿಟ್ಟು ಬಾಲ್ಕನಿ ಕೋಣೆಗೆ ಹೋಗುವುದು ಕೊಡುವ ಹಣಕ್ಕೆ ತಕ್ಕುದೇ?

ಪ್ರಶ್ನೆ: ಬೆಲ್‌ವ್ಯೂ ನಿವಾಸಿ

ಎಲ್ಲರಿಗೂ ನಮಸ್ಕಾರ. ಬರುವ ಜೂನ್‌ನಲ್ಲಿ ಶಿವಮೊಗ್ಗದಿಂದ ನನ್ನ ತಂದೆತಾಯಿ ಇಲ್ಲಿಗೆ, ಅಮೆರಿಕದ ಸಿಯಾಟಲ್ ಪಕ್ಕದ ಬೆಲ್‌ವ್ಯೂಗೆ ಬರಲಿದ್ದಾರೆ. ಅವರನ್ನೂ ಪತ್ನಿಯನ್ನೂ ಆರು ವರ್ಷದ ಮಗಳನ್ನೂ ಕರೆದುಕೊಂಡು, ಸಿಯಾಟಲ್‌ನಿಂದ ಹೊರಟು ಏಳು ರಾತ್ರಿಗಳ ಬಳಿಕ ಅಲ್ಲಿಗೇ ಮರಳುವ ಅಲಾಸ್ಕ ಹಡಗಿನಲ್ಲಿ ಎರಡು ಕೋಣೆಗಳನ್ನು ಕಾಯ್ದಿರಿಸಿದ್ದೇನೆ. ಎರಡನೆಯ ದಿನ ಪೂರ್ತಿ ಕಡಲು, ಆಮೇಲೆ ಕ್ರಮವಾಗಿ ಅಲಾಸ್ಕದ ಜೂನೋ, ಸ್ಕ್ಯಾಗ್ವೇ, ಹಿಮನದಿಗಳ ಕೊಲ್ಲಿಯಾದ ಗ್ಲೇಸಿಯರ್ ಬೇ, ಕೆಚಿಕನ್, ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾ. ಇದು ಹಡಗಿನ ಹಾದಿ. ಎರಡೂ ಕೋಣೆಗಳು ಒಳಗಿನವು, ಅಂದರೆ ಕಿಟಕಿ ಇಲ್ಲದವು. ಆದರೆ ಹಡಗಿನ ನಡುಭಾಗದಲ್ಲಿ ಒಂದರ ಪಕ್ಕ ಒಂದು ಇವೆ.

ಈಗ ಕಂಪನಿಯಿಂದ ಎರಡು ಪ್ರಸ್ತಾಪಗಳು ಬಂದಿವೆ. ಮೊದಲನೆಯದು ಬಿಡ್ ಮಾಡುವ ವ್ಯವಸ್ಥೆ: ಬಾಲ್ಕನಿ ಕೋಣೆಗಾಗಿ ತಲೆಗೆ ಇಷ್ಟು ಎಂದು ನಾವೇ ಒಂದು ಮೊತ್ತವನ್ನು ಸೂಚಿಸಬೇಕು, ಅವರು ಒಪ್ಪಿದರೆ ಕೋಣೆ ಬದಲಾಗುತ್ತದೆ. ನಾನು ಸದ್ಯಕ್ಕೆ ತಲೆಗೆ 250 ಡಾಲರ್ ಸೂಚಿಸಿಟ್ಟಿದ್ದೇನೆ. ಎರಡನೆಯದು ನೇರ ಬದಲಾವಣೆ: ಫೋನ್ ಮಾಡಿ ವಿಚಾರಿಸಿದಾಗ ತಲೆಗೆ 460 ಡಾಲರ್ ಎಂದರು. ಎರಡರಲ್ಲಿಯೂ ಪ್ರತಿ ಕೋಣೆಯ ಮೊದಲ ಇಬ್ಬರ ಲೆಕ್ಕವೇ ಆದ್ದರಿಂದ ಮಗಳಿಗೆ ಬೇರೆ ಹಣವಿಲ್ಲ. ಹಾಗಿದ್ದರೂ ಎರಡೂ ಕೋಣೆಗಳನ್ನು ನೇರವಾಗಿ ಬದಲಾಯಿಸಿದರೆ 1,840 ಡಾಲರ್ ಆಗುತ್ತದೆ, ಅದು ಸಣ್ಣ ಮೊತ್ತವಲ್ಲ.

ತಂದೆಗೆ ಎಪ್ಪತ್ತೊಂದು ವರ್ಷ, ಮಂಡಿನೋವಿದೆ, ಬೆಳಗ್ಗೆ ನಾಲ್ಕೂವರೆಗೆ ಏಳುವ ಅಭ್ಯಾಸ. ತಾಯಿಗೆ ಬಸ್ಸಿನಲ್ಲಿ ಘಾಟಿ ಇಳಿದರೂ ತಲೆ ಸುತ್ತುತ್ತದೆ. ವಿಷಯ ತಿಳಿಸಿದಾಗ ತಂದೆಯವರು, "ಕೋಣೆ ಇರೋದು ಮಲಗೋದಕ್ಕೆ ತಾನೆ, ಹೊರಗೆ ಸಮುದ್ರ ಪುಕ್ಕಟೆ ಇದೆಯಲ್ಲ" ಎಂದುಬಿಟ್ಟರು. ಅವರ ಮಾತಿನಲ್ಲಿ ಹುರುಳಿದೆಯೇ ಅಥವಾ ನನ್ನ ಹಣ ಉಳಿಸಲು ಹಾಗೆ ಹೇಳಿದರೇ ಎಂಬುದು ನನಗೆ ಬಗೆಹರಿಯುತ್ತಿಲ್ಲ. ಈ ಹಾದಿಯಲ್ಲಿ ಹೋಗಿ ಬಂದವರು ತಮ್ಮ ಅನುಭವವನ್ನು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಮೇಷ್ಟ್ರು, ವ್ಯಾಂಕೂವರ್

ನಾನೂ ನನ್ನ ಹೆಂಡತಿಯೂ ಅಲಾಸ್ಕಕ್ಕೆ ಎರಡು ಬಾರಿ ಹೋಗಿದ್ದೇವೆ, ಮೊದಲ ಸಲ ಒಳಗಿನ ಕೋಣೆಯಲ್ಲಿ, ಎರಡನೆಯ ಸಲ ಬಾಲ್ಕನಿ ಕೋಣೆಯಲ್ಲಿ. ಬಾಲ್ಕನಿ ಸುಖವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಕೊಡುವ ಹಣಕ್ಕೆ ಎಷ್ಟು ಗಂಟೆಗಳ ಉಪಯೋಗ ಸಿಗುತ್ತದೆ ಎಂದು ಒಂದೊಂದು ದಿನವನ್ನೂ ಎದುರಿಗಿಟ್ಟುಕೊಂಡು ಎಣಿಸಿ ನೋಡಬೇಕು.

ನಿಮ್ಮ ಹಡಗು ಸಿಯಾಟಲ್‌ನಿಂದ ಹೊರಡುವುದರಿಂದ, ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ಅಂದರೆ ತೆರೆದ ಪೆಸಿಫಿಕ್ ಸಾಗರದ ಮೇಲೆ ಹೋಗುತ್ತದೆ. ನಮ್ಮೂರಿನಿಂದ ಹೊರಡುವ ಹಡಗುಗಳು ದ್ವೀಪಕ್ಕೂ ನೆಲಕ್ಕೂ ನಡುವಣ ಒಳಹಾದಿಯಲ್ಲಿ ಸಾಗುತ್ತವೆ, ಅಲ್ಲಿ ಮೊದಲ ದಿನದಿಂದಲೇ ಎರಡೂ ಬದಿ ಕಾಡು, ಬೆಟ್ಟ ಕಾಣುತ್ತವೆ. ನಿಮ್ಮ ಎರಡನೆಯ ದಿನ ಮಾತ್ರ ನೀರು, ಗಾಳಿ, ಬೂದುಬಣ್ಣದ ಆಕಾಶ ಇಷ್ಟೇ ಆಗಬಹುದು. ಆ ದಿನ ಬಾಲ್ಕನಿಯ ಬಾಗಿಲು ತೆರೆದರೂ ಹತ್ತು ನಿಮಿಷ ಕೂರುವುದು ಕಷ್ಟ. ಜೂನೋ, ಸ್ಕ್ಯಾಗ್ವೇ, ಕೆಚಿಕನ್‌ಗಳಲ್ಲಿ ಹಗಲೆಲ್ಲ ಹಡಗಿನಿಂದ ಇಳಿದಿರುತ್ತೀರಿ. ವಿಕ್ಟೋರಿಯಾಕ್ಕೆ ಸಂಜೆಯ ಮೇಲೆ ಮುಟ್ಟುತ್ತೀರಿ. ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಮರಳಬೇಕಾದರೆ ನಡುವೆ ಒಂದು ಪರದೇಶದ ಬಂದರನ್ನು ಮುಟ್ಟಲೇಬೇಕೆಂಬ 1886ರ ಕಾನೂನಿನ ದೆಸೆಯಿಂದ ಅದು ನಿಮ್ಮ ಹಾದಿಯಲ್ಲಿ ಸೇರಿದೆ, ಬಾಲ್ಕನಿಯಿಂದ ನೋಡುವಂಥದ್ದು ಅಲ್ಲಿ ಹೆಚ್ಚೇನೂ ಇಲ್ಲ.

ಉಳಿಯುವುದು ಗ್ಲೇಸಿಯರ್ ಬೇ, ಮತ್ತು ಸಂಜೆಗಳು. ಬಾಲ್ಕನಿಯ ಬೆಲೆ ಇರುವುದು ಇವೆರಡರಲ್ಲಿ. 1794ರಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ವ್ಯಾಂಕೂವರ್‌ನ ತಂಡ ಬಂದಾಗ ಈ ಕೊಲ್ಲಿಯ ಬಾಯಿಯ ಹತ್ತಿರವೇ ಹಿಮದ ಗೋಡೆ ನಿಂತಿತ್ತಂತೆ. ಆಮೇಲೆ ಹಿಮ ಹಿಂದೆ ಸರಿದು ಸರಿದು, ಈಗ ಮಾರ್ಜರಿ ಹಿಮನದಿಯನ್ನು ನೋಡಲು ಕೊಲ್ಲಿಯೊಳಗೆ ನೂರು ಕಿಲೋಮೀಟರ್‌ಗಳಷ್ಟು ಹೋಗಬೇಕು. ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಪ್ರವೇಶವಿರುವುದರಿಂದ ಗಲಾಟೆಯಿಲ್ಲ. ಯಾರೂ ಇಳಿಯುವಂತಿಲ್ಲ, ಇಡೀ ದಿನ ಹಡಗಿನಲ್ಲೇ ಕಳೆಯುತ್ತದೆ. ಒಳಗೆ ಹೋಗುವ ಮತ್ತು ಹೊರಗೆ ಬರುವ ಆ ದೀರ್ಘ ಗಂಟೆಗಳಲ್ಲಿ, ಶಾಲು ಹೊದ್ದು, ಕೈಯಲ್ಲಿ ಕಾಫಿ ಹಿಡಿದು, ಯಾರ ಮೊಣಕೈಯೂ ತಾಗದೆ ಕುಳಿತಿದ್ದುದು ನನಗೆ ಈಗಲೂ ನೆನಪಿದೆ. ಹಿಮನದಿಯ ಎದುರಿಗೆ ನಿಂತ ಒಂದು ಗಂಟೆ ಮಾತ್ರ ನಾವು ಬಾಲ್ಕನಿಯಲ್ಲಿರಲಿಲ್ಲ. ಹಡಗನ್ನು ನಿಧಾನವಾಗಿ ತಿರುಗಿಸಿ ಎರಡೂ ಬದಿಯವರಿಗೆ ತೋರಿಸುತ್ತಾರೆ, ನಿಜ. ಆದರೆ ಹಿಮದ ಬಂಡೆ ಸಿಡಿದು ನೀರಿಗೆ ಬೀಳುವಾಗ ನಮ್ಮ ಬದಿ ಅತ್ತ ಇರಬೇಕಲ್ಲ! ಆ ಹೊತ್ತಿಗೆ ಮುಂಭಾಗದ ತೆರೆದ ಡೆಕ್ಕೇ, ಅಂದರೆ ಹಡಗಿನ ಬಯಲು ಅಂತಸ್ತೇ ಲೇಸು, ಅದು ಎಲ್ಲ ಕೋಣೆಯವರಿಗೂ ಒಂದೇ.

ಇನ್ನು ಸಂಜೆಗಳು. ಜೂನ್‌ನಲ್ಲಿ ಜೂನೋದ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ, ಹುಟ್ಟುವುದು ನಾಲ್ಕಕ್ಕೂ ಮುಂಚೆ. ಊಟ ಮುಗಿಸಿ ಬಂದ ಮೇಲೂ ಬೆಟ್ಟಗಳು ಕಾಣುತ್ತಿರುತ್ತವೆ. ಮಂಡಿನೋವಿರುವ ಹಿರಿಯರು ಆ ಹೊತ್ತಿನಲ್ಲಿ ಮತ್ತೆ ಲಿಫ್ಟು ಹತ್ತಿ, ಗಾಳಿಯಲ್ಲಿ ಡೆಕ್ಕಿಗೆ ಹೋಗುವುದಿಲ್ಲ. ಕೋಣೆಯಲ್ಲೇ ಇದ್ದರೆ ನೋಡುತ್ತಾರೆ, ಇಲ್ಲದಿದ್ದರೆ ಮಲಗುತ್ತಾರೆ. ನಾಲ್ಕೂವರೆಗೆ ಏಳುವವರಿಗೆ ಕಿಟಕಿಯಿಲ್ಲದ ಕತ್ತಲ ಕೋಣೆ ಸೆರೆಮನೆಯಂತೆಯೇ ಸರಿ.

ನನ್ನ ಸಲಹೆ ಇಷ್ಟು: ಎರಡು ಬಾಲ್ಕನಿಗಳು ಬೇಡ. ತಂದೆತಾಯಿಗೆ ಒಂದು ಬಾಲ್ಕನಿ ಕೋಣೆ, ಅದರ ಎದುರಿಗೇ ಓಣಿಯ ಆಚೆ ನಿಮಗೆ ಒಳಗಿನ ಕೋಣೆ. ಹಗಲು ಐವರೂ ಆ ಬಾಲ್ಕನಿಯನ್ನು ಬಳಸಬಹುದು, ಖರ್ಚು ಅರ್ಧಕ್ಕೆ ಇಳಿಯುತ್ತದೆ. ಆರು ವರ್ಷದ ಮಗುವಿರುವ ಕೋಣೆಗೆ ಬಾಲ್ಕನಿಯ ಬಾಗಿಲು ಇಲ್ಲದಿರುವುದೂ ಒಂದು ನೆಮ್ಮದಿ.

ಉತ್ತರ 2: ಬಿಡ್ ಗೆದ್ದು ಸೋತವನು

ಮೇಷ್ಟ್ರು ಹೇಳಿದ ಎದುರುಬದುರು ಕೋಣೆಯ ಉಪಾಯ ಚೆನ್ನಾಗಿದೆ, ಆದರೆ ಅದು ಬಿಡ್‌ನಿಂದ ಸಾಧ್ಯವಿಲ್ಲ. ಬಿಡ್‌ನಲ್ಲಿ ನೀವು ಕೊಳ್ಳುವುದು ಕೋಣೆಯ ದರ್ಜೆಯನ್ನು ಮಾತ್ರ. ಅದು ಯಾವ ಡೆಕ್ಕು, ಮುಂಭಾಗವೋ ಹಿಂಭಾಗವೋ ಎಂಬುದು ಅವರ ಕೈಯಲ್ಲಿರುತ್ತದೆ. ಒಮ್ಮೆ ಒಪ್ಪಿದರೆಂದರೆ ಕಾರ್ಡಿನಿಂದ ಹಣ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ, ಬೇರೆ ಕೋಣೆ ಕೊಡಿ ಎಂದು ಕೇಳುವಂತೆಯೂ ಇಲ್ಲ. ಒಪ್ಪುವ ಮೊದಲಾದರೆ ಬಿಡ್ಡನ್ನು ಹಿಂತೆಗೆದುಕೊಳ್ಳಬಹುದು. ಎರಡು ಕೋಣೆಗಳಿಗೆ ಎರಡು ಬಿಡ್ ಹಾಕಿದ್ದರೆ ಒಂದನ್ನು ಒಪ್ಪಿ ಇನ್ನೊಂದನ್ನು ಬಿಡಬಹುದು ಎಂಬುದನ್ನೂ ಗಮನಿಸಿ.

ನನಗಾದುದನ್ನು ಹೇಳುತ್ತೇನೆ, ಕಂಪನಿಯ ಹೆಸರು ಬೇಡ. ನಾವು ಕಾಯ್ದಿರಿಸಿದ್ದುದು ನಡುಭಾಗದ, ಮೇಲೂ ಕೆಳಗೂ ಮಲಗುವ ಕೋಣೆಗಳೇ ಇದ್ದ ಒಂದು ಕಿಟಕಿ ಕೋಣೆಯನ್ನು. ಬಿಡ್ ಗೆದ್ದೆವೆಂದು ಹಿಗ್ಗಿದೆವು. ಸಿಕ್ಕಿದ ಬಾಲ್ಕನಿ ಹಡಗಿನ ಹಿಂಭಾಗದಲ್ಲಿ, ಊಟದ ಡೆಕ್ಕಿನ ನೇರ ಕೆಳಗೆ ಇತ್ತು. ಬೆಳಗ್ಗೆ ಐದಕ್ಕೆ ಮೇಲೆ ಕುರ್ಚಿ ಎಳೆಯುವ ಸದ್ದು ಶುರುವಾದರೆ ಮದುವೆಮನೆಯ ಮಹಡಿಯ ಕೆಳಗೆ ಮಲಗಿದ ಹಾಗೆ. ಏಳು ದಿನವೂ ಅದೇ. ನಾವು ಹೆಚ್ಚಿನ ಹಣ ಕೊಟ್ಟು ನಿದ್ದೆಯನ್ನು ಕಳೆದುಕೊಂಡೆವು.

ಆದ್ದರಿಂದ ತಮ್ಮ ಬಿಡ್ಡನ್ನು ಇಂದೇ ರದ್ದು ಮಾಡಿ, ಹಣ ಹೆಚ್ಚಾದರೂ ಕೋಣೆಯ ಸಂಖ್ಯೆಯನ್ನು ಹೇಳಿಯೇ ಕೊಳ್ಳಿ. ಡೆಕ್ ಪ್ಲಾನ್, ಅಂದರೆ ಹಡಗಿನ ಅಂತಸ್ತುಗಳ ನಕ್ಷೆ ತೆರೆದು ಆ ಕೋಣೆಯ ಮೇಲೆ ಏನಿದೆ, ಕೆಳಗೆ ಏನಿದೆ ಎಂದು ನೋಡಿ. ಮೇಲೂ ಕೆಳಗೂ ಕೋಣೆಗಳೇ ಇದ್ದರೆ ಒಳ್ಳೆಯದು. ಈಜುಕೊಳ, ಅಡುಗೆಮನೆ, ನಾಟಕಶಾಲೆಗಳಿದ್ದರೆ ಬೇಡ. ದರ ವಿಪರೀತ ಅಗ್ಗವಾಗಿ ಕಂಡರೆ ಎದುರಿಗೆ ಲೈಫ್‌ಬೋಟ್ ತೂಗುಹಾಕಿರುವ ಕೋಣೆಯೇ ಎಂದು ಬಾಯಿಬಿಟ್ಟು ಕೇಳಿ, ಇಲ್ಲದಿದ್ದರೆ ಅಲಾಸ್ಕದ ಬದಲು ಕಿತ್ತಳೆ ಬಣ್ಣದ ದೋಣಿಯ ಬೆನ್ನು ನೋಡುತ್ತ ಕೂರಬೇಕಾದೀತು. ಇನ್ನೊಂದು ಮಾತು: ಅಮೆರಿಕದಲ್ಲಿ ಕಾಯ್ದಿರಿಸಿದವರು ಪೂರ್ತಿ ಹಣ ಕಟ್ಟುವ ಕೊನೆಯ ದಿನದವರೆಗೆ ದರ ಇಳಿದಿದೆಯೇ ಎಂದು ಆಗಾಗ ನೋಡುತ್ತಿರಬೇಕು. ಇಳಿದಿದ್ದರೆ ಫೋನ್ ಮಾಡಿ ಹೊಸ ದರ ಕೇಳಬಹುದು. ಇಂದಿನ 460 ಎಂಬುದು ಶಾಸನವಲ್ಲ.

ಉತ್ತರ 3: ಕಡಲು ಕಂಡರೆ ಭಯಪಡುವವಳು

ತಾಯಿಯವರ ತಲೆಸುತ್ತಿನ ಬಗ್ಗೆ ಯಾರೂ ಹೇಳಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಹಡಗು ಅಲೆಯ ಮೇಲೆ ಏತದ ಹಾಗೆ ಏರಿಳಿಯುತ್ತದೆ. ತುದಿಗಳು ಹೆಚ್ಚು ಆಡುತ್ತವೆ, ನಡುಭಾಗ ಕಡಿಮೆ. ಮೇಲಿನ ಡೆಕ್ಕುಗಳು ಪಕ್ಕಕ್ಕೆ ಹೆಚ್ಚು ತೂಗುತ್ತವೆ, ಕೆಳಗಿನವು ಕಡಿಮೆ. ಬಾಲ್ಕನಿಗಳು ಸಾಮಾನ್ಯವಾಗಿ ಮೇಲಿನ ಡೆಕ್ಕುಗಳಲ್ಲೇ ಇರುತ್ತವೆ. ನನ್ನ ತಾಯಿಯನ್ನು ಕರೆದೊಯ್ದಾಗ ನಾನು ಕೆಳಗಿನ ಡೆಕ್ಕಿನ ನಡುಭಾಗದಲ್ಲಿ ಕಿಟಕಿ ಕೋಣೆಯನ್ನು ಆರಿಸಿದ್ದೆ. ಕಿಟಕಿ ತೆರೆಯಲು ಬರುವುದಿಲ್ಲ, ಆದರೆ ಬೆಳಕು ಬರುತ್ತದೆ, ದಿಗಂತ ಕಾಣುತ್ತದೆ. ಹೊಟ್ಟೆ ತೊಳಸುವಾಗ ಕದಲದ ಒಂದು ಗೆರೆಯನ್ನು ನೋಡುತ್ತಿರುವುದು ಎಷ್ಟು ಹಿತವೆಂಬುದು ಅನುಭವಿಸಿದವರಿಗೇ ಗೊತ್ತು. ಬಾಲ್ಕನಿಗಿಂತ ದರವೂ ಕಡಿಮೆಯಿತ್ತು. ತಾವು ಈ ನಡುವಿನ ದರ್ಜೆಯನ್ನು ವಿಚಾರಿಸಿದಂತೆ ಕಾಣುವುದಿಲ್ಲ.

ಹಣದ ವಿಷಯದಲ್ಲಿ ನಾನು ತಮ್ಮ ತಂದೆಯವರ ಪಕ್ಷ. ಆ 1,840 ಡಾಲರನ್ನು ದಡದ ಮೇಲೆ ಖರ್ಚು ಮಾಡಿ. ಸ್ಕ್ಯಾಗ್ವೇಯಲ್ಲಿ ಚಿನ್ನದ ಬೇಟೆಯ ಕಾಲದಲ್ಲಿ, 1898ರಲ್ಲಿ ಕಟ್ಟಲು ಆರಂಭಿಸಿದ ವೈಟ್ ಪಾಸ್ ರೈಲು ಇದೆ. ಮೂರೇ ಅಡಿ ಅಗಲದ ಹಳಿಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 2,865 ಅಡಿ ಎತ್ತರಕ್ಕೆ ಏರುತ್ತದೆ. ಕುಳಿತಲ್ಲೇ ಕುಳಿತು ನೋಡುವುದಾದ್ದರಿಂದ ಮಂಡಿಗೆ ಶ್ರಮವಿಲ್ಲ, ಗಟ್ಟಿ ನೆಲದ ಮೇಲೆ ಇರುವುದರಿಂದ ಕಡಲ ಭಯವೂ ಇಲ್ಲ. ಜೂನೋದಲ್ಲಿ ಮೆಂಡೆನ್‌ಹಾಲ್ ಹಿಮನದಿಯನ್ನು ಬಸ್ಸಿನಲ್ಲಿ ಹೋಗಿ ನೋಡಿ ಬರಬಹುದು. ಒಳಗಿನ ಕೋಣೆಯ ಕತ್ತಲೆಗೆ ನಮ್ಮ ಪರಿಚಿತರೊಬ್ಬರು ಕಂಡುಕೊಂಡ ಪರಿಹಾರವನ್ನೂ ಹೇಳುತ್ತೇನೆ: ಅನೇಕ ಹಡಗುಗಳಲ್ಲಿ ಮುಂಭಾಗದ ಕ್ಯಾಮೆರಾದ ದೃಶ್ಯವನ್ನು ಟಿ.ವಿ.ಯ ಒಂದು ಚಾನೆಲ್‌ನಲ್ಲಿ ಸದಾ ತೋರಿಸುತ್ತಾರೆ, ಅದನ್ನು ಧ್ವನಿಯಿಲ್ಲದೆ ಹಚ್ಚಿಟ್ಟರೆ ಬೆಳಗಾದಂತೆಲ್ಲ ಕೋಣೆಯೂ ಬೆಳಗುತ್ತದೆ.

ಉತ್ತರ 4: ನಿವೃತ್ತ ಮೇಷ್ಟ್ರು, ವ್ಯಾಂಕೂವರ್

ಕಿಟಕಿ ಕೋಣೆಯ ಮಾತನ್ನು ನಾನು ಮರೆತಿದ್ದೆ, ನೆನಪಿಸಿದ್ದಕ್ಕೆ ವಂದನೆ. ಒಂದು ಮಾತ್ರ ಸೇರಿಸುತ್ತೇನೆ. ಕೆಚಿಕನ್‌ನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಆಗುಂಬೆಯ ಅರ್ಧದಷ್ಟು ಎನ್ನಿ. ಮೇಲಿನ ಬಾಲ್ಕನಿಯೇ ಕೆಳಗಿನದಕ್ಕೆ ಸೂರಾಗಿರುವುದರಿಂದ ಅಲ್ಲಿ ಕುಳಿತು ಮಳೆಯನ್ನೂ ನೋಡಬಹುದು. ಶಿವಮೊಗ್ಗದವರಿಗೆ ಇದರ ಬೆಲೆಯನ್ನು ನಾನು ಹೇಳಬೇಕಾಗಿಲ್ಲ.

ಮರುಪ್ರಶ್ನೆ: ಬೆಲ್‌ವ್ಯೂ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಬಿಡ್ಡನ್ನು ನಿನ್ನೆ ರಾತ್ರಿಯೇ ರದ್ದು ಮಾಡಿದೆ. ಕಿಟಕಿ ಕೋಣೆಗಳನ್ನು ವಿಚಾರಿಸಿದೆ, ಆದರೆ ಉಳಿದಿದ್ದವು ಹಡಗಿನ ಮೂತಿಯ ಹತ್ತಿರದವು ಮಾತ್ರ, ತಾಯಿಗೆ ಅವು ಆಗವು. ಬಾಲ್ಕನಿಗಳಿರುವ ಡೆಕ್ಕುಗಳಲ್ಲಿ ಅತ್ಯಂತ ಕೆಳಗಿನದರಲ್ಲಿ, ನಡುಭಾಗದಲ್ಲಿ, ಬಲಬದಿಗೆ ಒಂದು ಕೋಣೆ ಸಿಕ್ಕಿತು. ಅದರ ಎದುರಿನ ಒಳಕೋಣೆಯೂ ಖಾಲಿಯಿತ್ತು, ನಮ್ಮನ್ನು ಹೆಚ್ಚಿನ ದರವಿಲ್ಲದೆ ಅಲ್ಲಿಗೆ ಬದಲಾಯಿಸಿದರು. ಒಟ್ಟು ಹೆಚ್ಚುವರಿ 920 ಡಾಲರ್. ಉಳಿದ ಹಣದಲ್ಲಿ ವೈಟ್ ಪಾಸ್ ರೈಲಿಗೆ ಐದು ಟಿಕೆಟ್ ಕೊಂಡಿದ್ದೇನೆ.

ತಂದೆಯವರಿಗೆ ಖರ್ಚಿನ ಮೊತ್ತವನ್ನು ಹೇಳಿಲ್ಲ, ಬಾಲ್ಕನಿ ಇದೆ ಎಂದಷ್ಟೇ ಹೇಳಿದೆ. ತಕ್ಷಣ ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: ಬೆಳಗಿನ ಸಂಧ್ಯಾವಂದನೆಯನ್ನು ಅಲ್ಲಿ ಮಾಡಿ ಅರ್ಘ್ಯವನ್ನು ಕಡಲಿಗೇ ಬಿಡಬಹುದೇ, ಮತ್ತು ಸೂರ್ಯ ಆ ಬದಿಗೆ ಕಾಣುತ್ತಾನೆಯೇ?

ಉತ್ತರ 5: ನಿವೃತ್ತ ಮೇಷ್ಟ್ರು, ವ್ಯಾಂಕೂವರ್

ಬಾಲ್ಕನಿಯಿಂದ ಯಾವುದನ್ನೂ ಹೊರಗೆ ಎಸೆಯುವಂತಿಲ್ಲ, ಚೆಲ್ಲುವಂತಿಲ್ಲ. ಈ ನಿಯಮದಲ್ಲಿ ಹಡಗಿನವರು ಬಹಳ ಕಟ್ಟುನಿಟ್ಟು. ಒಂದು ಅಗಲವಾದ ಸ್ಟೀಲ್ ತಟ್ಟೆಯನ್ನು ಜೊತೆಗೆ ತನ್ನಿ, ಅರ್ಘ್ಯವನ್ನು ಅದಕ್ಕೆ ಬಿಟ್ಟು ಬಳಿಕ ಬಚ್ಚಲಿಗೆ ಸುರಿಯಲಿ. ಊದುಬತ್ತಿಯನ್ನೂ ದೀಪವನ್ನೂ ಹಚ್ಚಲು ಬಿಡುವುದಿಲ್ಲ, ಪೆಟ್ಟಿಗೆಯಲ್ಲಿ ಇಡಲೂ ಹೋಗಬೇಡಿ. ಬಲಬದಿ ಎಂದಿರಿ, ಉತ್ತರಕ್ಕೆ ಹೋಗುವಾಗ ಪೂರ್ವ ನಿಮ್ಮ ಬದಿಗೇ ಇರುತ್ತದೆ, ಮೋಡವಿಲ್ಲದಿದ್ದರೆ ಸೂರ್ಯ ಕಾಣುತ್ತಾನೆ. ಗ್ಲೇಸಿಯರ್ ಬೇ ಮುಗಿಸಿ ದಕ್ಷಿಣಕ್ಕೆ ತಿರುಗಿದ ಮೇಲೆ ಅವನು ಎಡಬದಿಯವರ ಪಾಲು. ಜೂನೋದ ಕಡೆ ಸೂರ್ಯ ಹುಟ್ಟುವ ಹೊತ್ತು ಮಾತ್ರ ನಾಲ್ಕಕ್ಕೂ ಮುಂಚೆ ಎಂಬುದನ್ನು ಈಗಲೇ ತಿಳಿಸಿಬಿಡಿ, ನಾಲ್ಕೂವರೆಗೆ ಎದ್ದರೆ ಅಲ್ಲಿ ತಡವಾಗುತ್ತದೆ.