‘ಡಿಸ್ಟ್ರಿಬ್ಯೂಟೆಡ್’ ಅನ್ನೋದಕ್ಕೆ ‘ವಿತರಣಾ’ ಒಗ್ಗುತ್ತದೆಯೇ? ‘ತಾಳೆ’ ಬಗ್ಗೆಯೂ ಒಂದು ಪ್ರಶ್ನೆ

ಗೆಳೆಯರಿಗೆ ನಮಸ್ಕಾರ.

ಭಾನುವಾರ ಬೆಳಗ್ಗೆ ಮುಳಬಾಗಿಲಿನ ನಮ್ಮ ಮನೆಯಲ್ಲಿ ಡಿಪ್ಲೊಮಾ, ಬಿಸಿಎ ಓದುವ ಆರೇಳು ಮಕ್ಕಳು ಸೇರುತ್ತಾರೆ. ಇಂಟರ್ನೆಟ್ಟಿನಲ್ಲಿ ಓಡುವ ದೊಡ್ಡ ಆ್ಯಪ್‌ಗಳನ್ನು ಹೇಗೆ ಕಟ್ಟುತ್ತಾರೆ ಅನ್ನೋದನ್ನು ಅವರಿಗೆ ಕನ್ನಡದಲ್ಲೇ ಹೇಳಿಕೊಡುತ್ತಿದ್ದೇನೆ. ಹೋದ ವಾರ ‘ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್’ ಪಾಠ. ಬೋರ್ಡಿನ ಮೇಲೆ ‘ವಿತರಣಾ ವ್ಯವಸ್ಥೆ’ ಅಂತ ಬರೆದೆ. ಕೂಡಲೇ ಒಬ್ಬಳು ಕೇಳಿದಳು: “ಅಕ್ಕಾ, ರೇಷನ್ ಅಂಗಡೀದಾ?”

ಅವಳು ಕೇಳಿದ್ದು ಸರಿಯಾಗೇ ಇದೆ. ಸಾರ್ವಜನಿಕ ವಿತರಣಾ ವ್ಯವಸ್ಥೆ ಅಂದರೆ ಪಡಿತರ. ಕನ್ನಡದಲ್ಲಿ ‘ವಿತರಣೆ’ ಅಂದ ತಕ್ಷಣ ಕೊಡುವವನೊಬ್ಬ, ಸಾಲಿನಲ್ಲಿ ನಿಂತು ತಗೊಳ್ಳುವವರು ಹಲವರು, ಹೀಗೊಂದು ಚಿತ್ರ ಬರುತ್ತದೆ. ಬಹುಮಾನ ವಿತರಣೆ, ಪ್ರಸಾದ ವಿತರಣೆ, ಎಲ್ಲದರಲ್ಲೂ ಅದೇ. ನಾನು ಹೇಳಹೊರಟಿದ್ದು ಬೇರೆ. ಹಲವು ಕಂಪ್ಯೂಟರ್‌ಗಳು ಬೇರೆ ಬೇರೆ ಕಡೆ ಇರುತ್ತವೆ. ಒಂದರ ನೆನಪಿನೊಳಗೆ (ಮೆಮೊರಿ) ಇನ್ನೊಂದು ಕೈ ಹಾಕುವಂತಿಲ್ಲ. ಸುದ್ದಿ ಕಳಿಸಿಕೊಂಡೇ ಕೆಲಸ ಆಗಬೇಕು. ಆದರೆ ಬಳಸುವವರಿಗೆ ಎಲ್ಲಾ ಸೇರಿ ಒಂದೇ ಅನ್ನಿಸಬೇಕು. ಇಲ್ಲಿ ಹಂಚಿ ಕೊಡುವವನೇ ಇಲ್ಲ.

ಕೊನೆಗೆ ಹಾಲಿನ ಡೈರಿ ಉದಾಹರಣೆ ಕೊಟ್ಟೆ. ನಮ್ಮ ಕಡೆ ಊರೂರಿಗೂ ಡೈರಿ ಇದೆಯಲ್ಲ. ಬೆಳಗ್ಗೆ, ಸಂಜೆ ಅಲ್ಲೇ ಹಾಲು ಹಾಕುತ್ತೇವೆ, ಅಲ್ಲೇ ಅಳೆದು ಬರೆದುಕೊಳ್ಳುತ್ತಾರೆ. ಒಂದೂರಿನ ಡೈರಿ ಬಾಗಿಲು ತೆಗೆಯದಿದ್ದರೂ ಪಕ್ಕದೂರಿನದು ನಡೆಯುತ್ತದೆ. ಇಷ್ಟು ಹೇಳಿದ ಮೇಲೆ ಮಕ್ಕಳಿಗೆ ಅರ್ಥವಾಯಿತು. ಪದ ಮಾತ್ರ ಸಿಗಲಿಲ್ಲ.

‘ಹಂಚಿಕೊಂಡ’ ಅನ್ನೋಣವೇ ಅಂದುಕೊಂಡೆ. ಅದರಲ್ಲಿ ದೊಡ್ಡ ತೊಡಕಿದೆ. ಹಂಚಿಕೊಳ್ಳೋದು ಅಂದರೆ ಈಗ ‘ಶೇರ್’ ಮಾಡೋದು. ಆಗ ‘ಶೇರ್ಡ್ ಮೆಮೊರಿ’ಯೂ ‘ಹಂಚಿಕೊಂಡ ನೆನಪು’ ಆಗಿಬಿಡುತ್ತದೆ. ಒಂದೇ ನೆನಪನ್ನು ಎಲ್ಲರೂ ಬಳಸುವುದು, ಅವರವರ ನೆನಪು ಅವರವರ ಹತ್ತಿರವೇ ಇರುವುದು, ಇವೆರಡೂ ಒಂದಕ್ಕೊಂದು ಎದುರು. ಎರಡಕ್ಕೂ ಒಂದೇ ಪದ ಕೊಟ್ಟರೆ ಕಲಿಯುವವರು ಮೊದಲ ದಿನವೇ ದಾರಿ ತಪ್ಪುತ್ತಾರೆ.

‘ಹಂಚಿದ’ ಅಂದರೆ ವ್ಯವಸ್ಥೆಯೇ ಏನನ್ನೋ ಹಂಚಿತೋ, ವ್ಯವಸ್ಥೆಯನ್ನೇ ಯಾರೋ ಹಂಚಿದರೋ ತಿಳಿಯುವುದಿಲ್ಲ. ‘ಚದುರಿದ’ ಅಂದರೆ ಕೆಟ್ಟುಹೋದ ಹಾಗೆ. ‘ವಿಕೇಂದ್ರೀಕೃತ’ ಬೇರೆಯೇ ಮಾತು, ಅದು ಅಧಿಕಾರ ಯಾರ ಕೈಯಲ್ಲಿದೆ ಅನ್ನೋದಕ್ಕೆ ಸೇರಿದ್ದು. ಒಂದೇ ಕಂಪನಿಯ ಹಿಡಿತದಲ್ಲಿದ್ದೂ ಹತ್ತು ಊರಲ್ಲಿ ಓಡುವ ಸಿಸ್ಟಮ್‌ಗಳು ಬೇಕಾದಷ್ಟಿವೆ.

ನನಗೆ ಇಷ್ಟವಾಗಿರುವುದು ‘ಹಂಚಿಹೋದ’. “ನಮ್ಮ ನೆಂಟರೆಲ್ಲಾ ನಾಲ್ಕೂರಲ್ಲಿ ಹಂಚಿಹೋಗಿದ್ದಾರೆ” ಅಂತೀವಲ್ಲ, ಅಲ್ಲಿ ಕೊಡುವವರು ಯಾರೂ ಇಲ್ಲ. ಬೇರೆ ಬೇರೆ ಕಡೆ ಇದ್ದರೂ ನಂಟು ಬಿಟ್ಟಿಲ್ಲ. ನನಗೆ ಬೇಕಾದ ಚಿತ್ರ ಇದೇ. ನಮ್ಮ ಕಡೆ ತೆಲುಗು ಮನೆಮಾತಿನ ಮಕ್ಕಳೂ ಜಾಸ್ತಿ. ಅವರಿಗೆ ‘ಪಂಚು’ ಗೊತ್ತು, ಆದ್ದರಿಂದ ‘ಹಂಚು’ ಬೇಗ ಹಿಡಿಯುತ್ತದೆ. ತೆಲುಗಿನ ‘ಪಾಲು’ ನಮ್ಮಲ್ಲಿ ‘ಹಾಲು’ ಇರುವ ಹಾಗೆಯೇ. ಆದರೆ ಆ ‘ಹೋದ’ ಇದೆಯಲ್ಲ, ಅದರಲ್ಲಿ ಏನೋ ಕಳೆದುಕೊಂಡ ಛಾಯೆ ಕೇಳಿಸುತ್ತದೆಯೇ? ನಿಮ್ಮ ಕಿವಿಗೆ ಹೇಗಿದೆ ಹೇಳಿ.

ಎರಡನೆಯದು ‘ಕನ್ಸಿಸ್ಟೆನ್ಸಿ’. ಸಾಮಾನ್ಯವಾಗಿ ‘ಸ್ಥಿರತೆ’ ಅಂತ ಬರೆಯುತ್ತಾರೆ. ಕೋಲಾರದ ಮಾರ್ಕೆಟ್ಟಿನಲ್ಲಿ ಟೊಮೆಟೊ ರೇಟು ಸ್ಥಿರವಾಗಿದೆ ಅಂದರೆ ಏರಿಲ್ಲ, ಇಳಿದಿಲ್ಲ ಅಂತ. ಇಲ್ಲಿ ಆ ಅರ್ಥವಲ್ಲ. ಲೆಕ್ಕ ದಿನಕ್ಕೆ ಸಾವಿರ ಸಲ ಬದಲಾಗಲಿ, ಬೇರೆ ಬೇರೆ ಕಂಪ್ಯೂಟರ್‌ನಲ್ಲಿಟ್ಟ ಅದರ ಎಲ್ಲಾ ಪ್ರತಿಗಳಲ್ಲೂ ಒಂದೇ ಇರಬೇಕು, ಅಷ್ಟೇ. ಬಟವಾಡೆ ದಿನ ಡೈರಿಯ ಪುಸ್ತಕವನ್ನೂ ನಮ್ಮ ಪಾಸ್‌ಬುಕ್ಕನ್ನೂ ಪಕ್ಕದಲ್ಲಿಟ್ಟು ‘ತಾಳೆ ನೋಡುತ್ತೇವೆ’. ಅದೇ ‘ತಾಳೆ’ ಇಲ್ಲಿಗೂ ಸರಿಯಾಗಿ ಕೂರುತ್ತದೆ ಅಂತ ನನ್ನ ನಂಬಿಕೆ. ‘ಈವೆಂಚುಯಲ್ ಕನ್ಸಿಸ್ಟೆನ್ಸಿ’ಗೆ ‘ತಡವಾಗಿ ತಾಳೆ’ ಅಂದೆ. ಈಗ ಆಗದಿದ್ದರೂ ಕೊನೆಗೊಮ್ಮೆ ಆಗುತ್ತದೆ ಅಂತ. ಮಕ್ಕಳು ಮತ್ತೆ ಕೇಳಲೇ ಇಲ್ಲ.

ಇದು ಸುಮ್ನೆ ಪದದ ಚಪಲವಲ್ಲ. ಕಂಪ್ಯೂಟರ್ ವಿಜ್ಞಾನಿ ಎರಿಕ್ ಬ್ರೂವರ್ 2000ದಲ್ಲಿ ಮುಂದಿಟ್ಟ, 2002ರಲ್ಲಿ ಗಿಲ್ಬರ್ಟ್ ಮತ್ತು ಲಿಂಚ್ ಸಾಧಿಸಿ ತೋರಿಸಿದ ‘ಕ್ಯಾಪ್’ (ಕನ್ಸಿಸ್ಟೆನ್ಸಿ, ಅವೈಲಬಿಲಿಟಿ, ಪಾರ್ಟಿಷನ್ ಟಾಲರೆನ್ಸ್) ಪ್ರಮೇಯ ನಿಂತಿರುವುದೇ ಇಂಥ ಪದಗಳ ಮೇಲೆ. ಬಸ್ ಸೀಟು ಬುಕ್ ಮಾಡುವ ಆ್ಯಪ್ ಇದೆ ಅನ್ನಿ. ಎರಡು ಊರಲ್ಲಿ ಎರಡು ಸರ್ವರ್. ನಡುವಿನ ಕೊಂಡಿ ಕಡಿದುಹೋಯಿತು. ಉಳಿದಿರೋದು 14ನೇ ಸೀಟು ಒಂದೇ. ಎರಡೂ ಸರ್ವರ್ ಮಾರುತ್ತಾ ಹೋದರೆ ಒಂದೇ ಸೀಟಿಗೆ ಇಬ್ಬರು, ತಾಳೆ ತಪ್ಪಿತು. ತಾಳೆ ಉಳಿಸಬೇಕಾದರೆ ಒಂದು ಸರ್ವರ್ “ಈಗ ಆಗಲ್ಲ” ಅನ್ನಲೇಬೇಕು. ಕೊಂಡಿ ಕಡಿದಾಗ ತಾಳೆಯೂ ಇರಬೇಕು, ಕೇಳಿದವರಿಗೆಲ್ಲಾ ಸರ್ವರ್ ಸಿಗಲೂ ಬೇಕು ಅಂದರೆ ಎರಡೂ ಒಟ್ಟಿಗೆ ಆಗುವುದಿಲ್ಲ. ಇದನ್ನು ‘ಸ್ಥಿರತೆ, ಲಭ್ಯತೆ, ವಿಭಜನಾ ಸಹಿಷ್ಣುತೆ’ ಅಂತ ಬರೆದರೆ ಯಾರಿಗೆ ತಲೆಗೆ ಹೋಗುತ್ತದೆ?

‘ವಿಭಜನೆ’ಯಲ್ಲಿ ಇನ್ನೂ ಒಂದು ಸಿಕ್ಕಿದೆ. ಇಂಗ್ಲಿಷಿನಲ್ಲಿ ನೆಟ್‌ವರ್ಕ್ ಕಡಿದುಹೋಗೋದೂ ‘ಪಾರ್ಟಿಷನ್’, ದತ್ತಾಂಶವನ್ನು ಬೇಕೆಂದೇ ತುಂಡು ಮಾಡಿ ಬೇರೆ ಬೇರೆ ಯಂತ್ರದಲ್ಲಿ ಇಡೋದೂ ‘ಪಾರ್ಟಿಷನ್’. ಒಂದು ಅವಘಡ, ಇನ್ನೊಂದು ಏರ್ಪಾಡು. ಕನ್ನಡದಲ್ಲಿ ಮೊದಲನೆಯದಕ್ಕೆ ‘ಕೊಂಡಿ ಕಡಿತ’, ಎರಡನೆಯದಕ್ಕೆ ‘ಪಾಲು’ ಅಂದರೆ ಗೊಂದಲವೇ ಇರುವುದಿಲ್ಲ, ಅಲ್ವಾ? ಇಲ್ಲಿ ನಾವು ಇಂಗ್ಲಿಷಿಗಿಂತ ಚೆನ್ನಾಗಿ ಹೇಳಬಹುದು.

‘ಅವೈಲಬಿಲಿಟಿ’ಗೆ ‘ಸಿಗುವಿಕೆ’ ಸಾಕು. “ಸರ್ವರ್ ಸಿಗ್ತಿಲ್ಲ, ನಾಳೆ ಬನ್ನಿ” ಅನ್ನೋದು ಹಳ್ಳಿಯ ಅಜ್ಜಿಯರಿಗೂ ಗೊತ್ತಿರುವ ಮಾತು.

‘ಹಂಚಿಹೋದ’ಕ್ಕಿಂತ ಒಳ್ಳೆಯದು ನಿಮ್ಮ ಊರಿನ ಮಾತಿನಲ್ಲಿ ಇದೆಯೇ? ಬೇರೆ ಬೇರೆ ಇದ್ದುಕೊಂಡೇ ಒಂದಾಗಿ ದುಡಿಯುವುದು ಅನ್ನೋ ಅರ್ಥ ಬರಬೇಕು. ಹಾಗೆಯೇ ‘ತಾಳೆ’ಯನ್ನು ಈ ಅರ್ಥದಲ್ಲಿ ಬಳಸಿದರೆ ಧಾರವಾಡದ ಕಡೆಯವರಿಗೆ, ಮಂಗಳೂರಿನವರಿಗೆ ಸಲೀಸಾಗಿ ತಿಳಿಯುತ್ತದೆಯೇ? ಬರುವ ಭಾನುವಾರ ಇದೇ ಪಾಠ ಮುಂದುವರಿಯಬೇಕು. ಅಷ್ಟರೊಳಗೆ ಬರೆದರೆ ಬೋರ್ಡಿನ ಮೇಲೆ ನಿಮ್ಮ ಪದವನ್ನೇ ಬರೆಯುತ್ತೇನೆ.