ಅಬ್‌ಸ್ಟ್ರಾಕ್ಷನ್‌ಗೆ ‘ಅಮೂರ್ತ’ ಹೊಂದುತ್ತಿಲ್ಲ, ಬೇರೆ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ,

ಪ್ಯೂರ್ ಡೇಟಾ ಅಂತ ಒಂದು ತಂತ್ರಾಂಶ ಇದೆ. 1990ರ ದಶಕದಲ್ಲಿ ಮಿಲ್ಲರ್ ಪಕೆಟ್ ಮಾಡಿದ್ದು, ಉಚಿತವಾಗಿ ಸಿಗುತ್ತದೆ. ಇದರಲ್ಲಿ ಸಾಲು ಸಾಲು ಕೋಡ್ ಬರೆಯುವುದಿಲ್ಲ, ತೆರೆಯ ಮೇಲೆ ಪುಟ್ಟ ಪೆಟ್ಟಿಗೆಗಳನ್ನಿಟ್ಟು ಗೆರೆ ಎಳೆದು ಜೋಡಿಸಿದರೆ ಸದ್ದು ಹುಟ್ಟುತ್ತದೆ. ಬಸವನಗುಡಿಯ ನಮ್ಮ ಮನೆಯಲ್ಲಿ ಭಾನುವಾರ ನಾಲ್ಕೈದು ಮಕ್ಕಳಿಗೆ ಇದನ್ನು ಕನ್ನಡದಲ್ಲೇ ಹೇಳಿಕೊಡುತ್ತೇನೆ. ಅವರಿಗೊಂದು ಕೈಪಿಡಿ ಬರೆಯುತ್ತಾ ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ.

ಕೆಲವು ಪದ ಸುಲಭವಾಗಿ ಸಿಕ್ಕವು. ಪೆಟ್ಟಿಗೆ, ಗೆರೆಗಳ ಒಂದು ಇಡೀ ಜೋಡಣೆಗೆ ಪ್ಯಾಚ್ ಅಂತಾರೆ, ಅದು ಪ್ಯಾಚ್ ಆಗಿಯೇ ಇರಲಿ. ತೇಪೆ ಅಂದರೆ ಹರಿದದ್ದಕ್ಕೆ ಹಾಕುವುದು, ಇಲ್ಲಿ ಹರಿದದ್ದೇನೂ ಇಲ್ಲ. ಹಳೆಯ ಸಿಂತಸೈಜರ್‌ಗಳಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಚುಚ್ಚುತ್ತಿದ್ದ ಪ್ಯಾಚ್ ಕಾರ್ಡ್ ವೈರಿನ ನೆನಪು ಆ ಹೆಸರಿನಲ್ಲಿದೆ. ಶಾರ್ಟ್‌ಕಟ್‌ಗೆ ಅಡ್ಡದಾರಿ ಬೇಡ, ‘ಹುಡುಗ ಅಡ್ಡದಾರಿ ಹಿಡಿದ’ ಅಂದರೆ ಕೆಟ್ಟ ಅಂತಲೇ ಅಲ್ವಾ? ಟ್ರಾಫಿಕ್ ಇದ್ದಾಗ ಆಟೋದವರು ನುಗ್ಗುವ ಒಳದಾರಿ ನನಗೆ ಹಿಡಿಸಿತು. ಕಂಟ್ರೋಲ್ 1 ಒತ್ತಿದರೆ ಹೊಸ ಪೆಟ್ಟಿಗೆ, ಕಂಟ್ರೋಲ್ ಡಿ ಒತ್ತಿದರೆ ಆರಿಸಿದ್ದರ ನಕಲು, ಇವೆಲ್ಲ ಒಳದಾರಿಗಳು. ಹತ್ತು ಪೆಟ್ಟಿಗೆಗಳನ್ನು ಒಂದರೊಳಗೆ ತುಂಬಿಡುವ ಸಬ್‌ಪ್ಯಾಚ್‌ಗೆ ಮೊದಲು ಗಂಟು ಅಂದಿದ್ದೆ, ಮಕ್ಕಳು ಗೆರೆಗಳು ಸಿಕ್ಕುಬಿದ್ದಿವೆ ಅಂದುಕೊಂಡರು. ಈಗ ಪೊಟ್ಟಣ ಅನ್ನುತ್ತೇನೆ. ಕಟ್ಟಬಹುದು, ಬಿಚ್ಚಬಹುದು.

ಸಮಸ್ಯೆ ಇರುವುದು ಅಬ್‌ಸ್ಟ್ರಾಕ್ಷನ್‌ನಲ್ಲಿ, ಅಂದರೆ ಬೇರೆ ಕಡತವಾಗಿ ಉಳಿಸಿ, ಬೇಕಾದಾಗೆಲ್ಲ ಹೆಸರು ಹಿಡಿದು ಕರೆಯುವ ಪ್ಯಾಚ್‌ನಲ್ಲಿ. ನಾವು ಮಾಡಿದ ತಂಬೂರಿಯನ್ನೇ ನೋಡಿ. ಒಂದು ತಂತಿ ಮೀಟಿದ ಸದ್ದನ್ನು ಪೆಟ್ಟಿಗೆಗಳಲ್ಲಿ ಕಟ್ಟಿ, ‘ತಂತಿ’ ಅನ್ನುವ ಹೆಸರಲ್ಲಿ ಬೇರೆ ಕಡತವಾಗಿ ಉಳಿಸಿದೆವು. ಆಮೇಲೆ ದೊಡ್ಡ ಪ್ಯಾಚ್‌ನಲ್ಲಿ ನಾಲ್ಕು ಪೆಟ್ಟಿಗೆ ಇಟ್ಟು ತಂತಿ 180, ತಂತಿ 240, ತಂತಿ 240, ತಂತಿ 120 ಅಂತ ಬರೆದರೆ ಆಯಿತು (ಸಂಖ್ಯೆ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅಂತ): ಪ, ಸ, ಸ, ಕೆಳಗಿನ ಸ. ಕಡತದೊಳಗೆ ಡಾಲರ್ 1 ಅಂತ ಬರೆದಿರುವ ಜಾಗಕ್ಕೆ ಆಯಾ ಸಂಖ್ಯೆ ಹೋಗಿ ಕೂರುತ್ತದೆ. ಸದ್ದು ಬೇಗ ಸಾಯುತ್ತಿದೆ ಅನ್ನಿಸಿದಾಗ ಒಂದು ಹುಡುಗಿ ಆ ಕಡತ ತೆರೆದು, ಒಂದೇ ಅಂಕಿ ತಿದ್ದಿ, ಸೇವ್ ಮಾಡಿದಳು. ನಾಲ್ಕೂ ತಂತಿ ಒಟ್ಟಿಗೆ ಉದ್ದಕ್ಕೆ ಮೊಳಗಿದವು. ಇಷ್ಟು ಕಣ್ಣೆದುರಿಗೆ, ಕಿವಿಗೆ ಸಿಗುವ ವಸ್ತುವಿಗೆ ಅಮೂರ್ತ ಅಂತ ಹೆಸರಿಡಲು ನನಗೆ ಮನಸ್ಸು ಬರುತ್ತಿಲ್ಲ.

ಅಚ್ಚು ಅಂದುಕೊಂಡೆ, ಆದರೆ ಬೆಲ್ಲದಚ್ಚನ್ನು ಆಮೇಲೆ ತಿದ್ದಿದರೆ ಆಗಲೇ ಎರೆದ ಬೆಲ್ಲ ಬದಲಾಗುವುದಿಲ್ಲ. ಕಾಪಿ ಮಾಡಿ ಅಂಟಿಸುವ ತುಣುಕಿಗೆ ಅದು ಸರಿ, ಇದಕ್ಕಲ್ಲ. ತಾಯಿಬೇರಿನ ಹಾಗೆ ತಾಯಿಪ್ಯಾಚ್ ಅನ್ನೋಣ ಅಂದರೆ, ಪೊಟ್ಟಣವನ್ನು ಒಳಗಿಟ್ಟುಕೊಂಡ ದೊಡ್ಡ ಪ್ಯಾಚ್‌ಗೆ ಆಗಲೇ ಇಂಗ್ಲಿಷಿನಲ್ಲಿ ಪೇರೆಂಟ್ ಅಂತಾರೆ, ಗೊಂದಲ ಜಾಸ್ತಿಯಾಗುತ್ತದೆ.

ಈಗ ಮನಸ್ಸು ಪಲ್ಲವಿಯ ಕಡೆಗಿದೆ. ಹಾಡಿನ ಪುಸ್ತಕದಲ್ಲಿ ಪಲ್ಲವಿಯನ್ನು ಪೂರ್ತಿ ಬರೆಯುವುದು ಒಂದೇ ಸಲ, ಚರಣ ಮುಗಿದಾಗೆಲ್ಲ ಅದರ ಮೊದಲ ಪದ ಬರೆದರೆ ಸಾಕು, ಹಾಡುವವರು ಅಲ್ಲಿಗೆ ಹೋಗುತ್ತಾರೆ. ಮೂಲದಲ್ಲಿ ಒಂದಕ್ಷರ ತಿದ್ದಿದರೂ ಹಾಡಿದಾಗೆಲ್ಲ ತಿದ್ದಿದ್ದೇ ಬರುತ್ತದೆ. ಹೆಸರು ಹಿಡಿದು ಕರೆಯುವುದೂ ಹೊಂದುತ್ತದೆ. ಆದರೆ ಪಲ್ಲವಿ ಪ್ರತಿ ಸಲ ಬೇರೆ ಸಂಖ್ಯೆ ತೆಗೆದುಕೊಳ್ಳುವುದಿಲ್ಲ, ಮೇಲಾಗಿ ಸಂಗೀತದ ತಂತ್ರಾಂಶದಲ್ಲೇ ಆ ಪದ ಬಳಸಿದರೆ ಮಕ್ಕಳು ನಿಜವಾದ ಪಲ್ಲವಿ ಹುಡುಕಬಹುದು.

ನೇಯ್ಗೆ, ಬಡಗಿ ಕೆಲಸ, ಯಕ್ಷಗಾನ, ಯಾವ ಕಸುಬಿನಲ್ಲಾದರೂ ಸರಿ, ಒಂದೇ ಕಡೆ ತಿದ್ದಿದರೆ ಎಲ್ಲ ಕಡೆಯೂ ಬದಲಾಗುವಂಥದ್ದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಊರ ಹೆಸರನ್ನೂ ಸೇರಿಸಿ ಬರೆಯಿರಿ.