ಚೀನೀ ದಾಖಲೆಗಳ ‘ಕಶಿಂಗ್’: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹಳೆಯ ಚೀನಾದವರು ಆಕಾಶ ನೋಡಿ ಬರೆದಿಟ್ಟ ಲೆಕ್ಕಗಳ ಬಗ್ಗೆ ಹೈಸ್ಕೂಲ್ ಮಕ್ಕಳಿಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಪದಕ್ಕೆ ನಿಮ್ಮ ಸಲಹೆ ಬೇಕು.

ಆಕಾಶದಲ್ಲಿ ಇದ್ದಕ್ಕಿದ್ದಂತೆ ಕಾಣಿಸಿಕೊಂಡು, ಕೆಲವು ಕಾಲ ಇದ್ದು ಮರೆಯಾಗುವುದನ್ನು ಅವರು ‘ಕಶಿಂಗ್’ ಎಂದು ಬರೆದಿಡುತ್ತಿದ್ದರು. ‘ಕ’ ಅಂದರೆ ಅತಿಥಿ, ‘ಶಿಂಗ್’ ಅಂದರೆ ನಕ್ಷತ್ರ. ತುಂಬ ಹೆಸರಾದದ್ದು 1054ರದ್ದು. ಆಗ ಸೋಂಗ್ ಅರಸರ ಕಾಲ, ರಾಜಧಾನಿ ಕೈಫೆಂಗ್. ಜುಲೈ 4ರ ಬೆಳಗಿನ ಜಾವ ಪೂರ್ವದಲ್ಲಿ, ತಿಯಾನ್‌ಗ್ವಾನ್ ನಕ್ಷತ್ರದ ಹತ್ತಿರ ಅದು ಕಂಡಿತು. ನಮ್ಮ ವೃಷಭ ರಾಶಿಯ ಕೊಂಬಿನ ತುದಿ ಅದು. ಶುಕ್ರನ ಹಾಗೆ ಹಗಲಲ್ಲೂ ಕಾಣುತ್ತಿತ್ತು, ನಾಲ್ಕೂ ಕಡೆ ಕಿರಣ ಚಾಚಿತ್ತು, ಬಣ್ಣ ಕೆಂಪು ಬೆರೆತ ಬಿಳಿ, ಹಗಲಲ್ಲಿ ಕಂಡದ್ದು 23 ದಿನ ಎಂದೆಲ್ಲ ದಾಖಲೆ ಹೇಳುತ್ತದೆ. ಪೂರ್ತಿ ಮರೆಯಾದದ್ದು 1056ರ ಏಪ್ರಿಲ್‌ನಲ್ಲಿ. ನಿಜದಲ್ಲಿ ಅದೊಂದು ನಕ್ಷತ್ರದ ಸಿಡಿತ, ಅದರ ಉಳಿಕೆಯೇ ಇವತ್ತಿನ ಏಡಿ ನೀಹಾರಿಕೆ ಎಂಬ ಅನಿಲ, ಧೂಳಿನ ಮೋಡ.

ಹಾಗಾದರೆ ಸುಮ್ನೆ ‘ಸೂಪರ್‌ನೋವಾ’ (ಸಿಡಿದ ನಕ್ಷತ್ರ) ಅಂತ ಬರೆದರಾಯ್ತಲ್ವಾ ಅನ್ನಬಹುದು. ನನಗೆ ಒಪ್ಪಿಗೆಯಿಲ್ಲ. ನಕ್ಷತ್ರ ಸಿಡಿದಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದರು, ಅದೇ ಅವರ ದೊಡ್ಡತನ. ಮೇಲಾಗಿ ಎಲ್ಲ ಕಶಿಂಗ್‌ಗಳೂ ಸೂಪರ್‌ನೋವಾ ಅಲ್ಲ. ಸಿಡಿದು ನಾಶವಾಗದೆ ಕೆಲವು ಕಾಲ ಮಾತ್ರ ಹೊಳಪೇರುವ ನೋವಾಗಳೂ ಇವೆ, ಕೆಲವು ಸಲ ಧೂಮಕೇತುಗಳೂ ಸೇರಿಕೊಂಡಿವೆ. ಬಾಲ ಎದ್ದು ಕಾಣುವ ಧೂಮಕೇತುವಿಗೆ ‘ಹುಯಿಶಿಂಗ್’, ಅಂದರೆ ಪೊರಕೆ ನಕ್ಷತ್ರ, ಎಂಬ ಬೇರೆ ಹೆಸರೇ ಇತ್ತು.

‘ಅತಿಥಿ’ ನನಗೆ ತುಂಬ ಇಷ್ಟ. ತಿಥಿ ನೋಡದೆ ಬರುವವನು ಅತಿಥಿ ಅಂತಲ್ವಾ ನಾವು ಹೇಳುವುದು? ಪಂಚಾಂಗ ಕಟ್ಟುವುದೇ ಕೆಲಸವಾಗಿದ್ದ ಆಸ್ಥಾನದವರ ಲೆಕ್ಕಕ್ಕೆ ಸಿಗದೆ ಬಂದದ್ದಕ್ಕೆ ಇದಕ್ಕಿಂತ ಒಪ್ಪುವ ಮಾತು ಸಿಗದು. ‘ನೆಂಟ’ ಕೂಡುವುದಿಲ್ಲ, ನೆಂಟನಾದರೆ ಸಂಬಂಧ ಇರಬೇಕು.

ತೊಡಕಿರುವುದು ಅದರ ಜೊತೆಯ ಪದದಲ್ಲಿ. ‘ಅತಿಥಿ ತಾರೆ’ ಅಂದರೆ ಸಿನಿಮಾದವರೇ ನೆನಪಾಗುತ್ತಾರೆ. ‘ಅತಿಥಿ ನಕ್ಷತ್ರ’ ಅಂದರೆ ಅಶ್ವಿನಿ, ಭರಣಿ ಸಾಲಿನದು ಎಂದು ಮಕ್ಕಳು ಅಂದುಕೊಂಡಾರು. ಚೀನೀಯರಲ್ಲೂ ಚಂದ್ರನ ದಾರಿಯ 28 ಮನೆಗಳಿವೆ, ಅವೂ ಇದೇ ಲೇಖನದಲ್ಲಿ ಬರುವುದರಿಂದ ಗೊಂದಲ ಜಾಸ್ತಿ. ಸದ್ಯ ‘ಅತಿಥಿ ಚುಕ್ಕಿ’ ಕಡೆಗೆ ನನ್ನ ಮನಸ್ಸು. ಬಾಲಚುಕ್ಕಿ ಹೇಗೂ ಬಳಕೆಯಲ್ಲಿದೆ, ಎರಡೂ ಚೆನ್ನಾಗಿ ಹೊಂದುತ್ತವೆ. ಆದರೆ ಹಗಲಲ್ಲೂ ಹೊಳೆದದ್ದನ್ನು ಚುಕ್ಕಿ ಎಂದರೆ ತೀರ ಸಣ್ಣದಾಯಿತೇ?

ಹೊಸದಾಗಿ ಕಂಡ ನಕ್ಷತ್ರಕ್ಕೆ ನಿಮ್ಮ ಕಡೆಯ ಆಡುಮಾತಿನಲ್ಲಿ ಬೇರೆ ಪದವಿದ್ದರೆ, ಅಥವಾ ಹಳೆಯ ವಿಜ್ಞಾನ ಪುಸ್ತಕಗಳಲ್ಲಿ ಕಂಡಿದ್ದರೆ, ದಯವಿಟ್ಟು ಅದು ಬಂದ ವಾಕ್ಯದ ಸಮೇತ ತಿಳಿಸಿ.